ನಾಜಲ್ ಕಿರಿದಾದರೆ ಜೆಟ್ ದೋಣಿಯ ವೇಗ ಹೆಚ್ಚುತ್ತದೆಯೇ?

ಪ್ರಶ್ನೆ: ನಾವು ಕೋಲಾರದ ಡಿಪ್ಲೊಮಾ ವಿದ್ಯಾರ್ಥಿಗಳು. ಸ್ಪರ್ಧೆಗೆಂದು ನಾಲ್ಕು ಅಡಿ ಉದ್ದದ, ಪಂಪಿನಿಂದ ನೀರನ್ನು ಹಿಂದಕ್ಕೆ ಚಿಮ್ಮಿಸಿ ಮುಂದೆ ಸಾಗುವ ಜೆಟ್ ದೋಣಿಯ ಮಾದರಿಯೊಂದನ್ನು ಕಟ್ಟಿದ್ದೇವೆ. ನಾಜಲ್ (ನೀರು ಹೊರಚಿಮ್ಮುವ ಮೂತಿ) ಬಾಯಿಯನ್ನು 32 ಮಿ.ಮೀ.ನಿಂದ 24 ಮಿ.ಮೀ.ಗೆ ಇಳಿಸಿದ ಮೇಲೆ ನೀರು ಮೊದಲಿಗಿಂತ ದೂರ ಚಿಮ್ಮುತ್ತಿದೆ. ಆದರೆ ದೋಣಿಯನ್ನು ಹಗ್ಗದಿಂದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನೋಡಿದರೆ ಎಳೆತ ಕಡಿಮೆಯಾಗಿದೆ. ಎಲ್ಲಿ ತಪ್ಪಿದೆವು?

ಉತ್ತರ: ನೀವು ತಪ್ಪಿಲ್ಲ. ತಕ್ಕಡಿಯೂ ಸುಳ್ಳು ಹೇಳುತ್ತಿಲ್ಲ. ಅದು ನಿಂತ ದೋಣಿಯ ಲೆಕ್ಕವನ್ನು ಹೇಳುತ್ತಿದೆ, ನಿಮಗೆ ಬೇಕಿರುವುದು ಓಡುವ ದೋಣಿಯ ಲೆಕ್ಕ.

ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ದೂರಕ್ಕೆ ಹಾರಿಸುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗೆ ಬೆರಳು ಒತ್ತಿಕೊಂಡೇ ಒಂದು ಬಿಂದಿಗೆ ತುಂಬಿಸಿ ನೋಡಿ, ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ನೀರಿನ ವೇಗ ಹೆಚ್ಚಿದೆ, ಪ್ರಮಾಣ ಇಳಿದಿದೆ. ದೋಣಿಯನ್ನು ಮುಂದಕ್ಕೆ ನೂಕುವುದು ಇವೆರಡರ ಗುಣಲಬ್ಧ. ಸೆಕೆಂಡಿಗೆ ಎಷ್ಟು ಕಿಲೋ ನೀರು ಹೊರಬೀಳುತ್ತದೆ ಎಂಬುದನ್ನು, ಆ ನೀರಿನ ವೇಗದಲ್ಲಿ ದೋಣಿಯ ವೇಗವನ್ನು ಕಳೆದು ಉಳಿದದ್ದರಿಂದ ಗುಣಿಸಬೇಕು. ಈ ಕಳೆಯುವ ಲೆಕ್ಕದಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ.

ನಿಮ್ಮ ಪಂಪು ನೀರಿಗೆ ಕೊಡುವ ಶಕ್ತಿ ಎರಡೂ ನಾಜಲ್‌ಗಳಲ್ಲಿ 400 ವಾಟ್ ಎಂದು ಸದ್ಯಕ್ಕೆ ಹಿಡಿಯೋಣ. 32 ಮಿ.ಮೀ. ಬಾಯಿಯಲ್ಲಿ ನೀರು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಹೊರಡುತ್ತದೆ, ಪ್ರಮಾಣ ಸೆಕೆಂಡಿಗೆ 8 ಕಿಲೋ. 24 ಮಿ.ಮೀ. ಬಾಯಿಯಲ್ಲಿ ವೇಗ 12 ಮೀಟರಿಗೆ ಏರುತ್ತದೆ, ಪ್ರಮಾಣ ಐದೂವರೆ ಕಿಲೋಗೆ ಇಳಿಯುತ್ತದೆ. ದೋಣಿ ನಿಂತಿದ್ದಾಗ ದೊಡ್ಡ ಬಾಯಿಯ ನೂಕುಬಲ 80 ನ್ಯೂಟನ್, ಚಿಕ್ಕ ಬಾಯಿಯದು ಸುಮಾರು 66. ತಕ್ಕಡಿಯ ಭಾಷೆಯಲ್ಲಿ ಎಂಟು ಕಿಲೋ ದಾಟಿದ್ದು ಏಳು ಕಿಲೋಗಿಂತ ಕೆಳಗೆ ಬರುತ್ತದೆ. ನೀವು ಕಂಡದ್ದು ಇದನ್ನೇ.

ಈಗ ಹಗ್ಗ ಬಿಚ್ಚಿ. ದೋಣಿ ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ 25 ಕಿ.ಮೀ. ವೇಗ ಹಿಡಿದಾಗ ದೊಡ್ಡ ಬಾಯಿಯಲ್ಲಿ ಉಳಿಯುವುದು 24 ನ್ಯೂಟನ್ ಮಾತ್ರ, ಚಿಕ್ಕದರಲ್ಲಿ ಸುಮಾರು 28. ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿ ಎರಡೂ ಸಮಬಲವಾಗುತ್ತವೆ, ಅಲ್ಲಿಂದ ಮುಂದೆ ಚಿಕ್ಕ ಬಾಯಿ ಮೇಲುಗೈ. ಓಡುವ ದೋಣಿಯ ಒಳಹರಿವಿಗೆ ಎದುರು ನೀರು ತಾನಾಗಿ ನುಗ್ಗಿ ಬರುವ ಒತ್ತಡವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಅಂಕಿಗಳು ಬದಲಾಗುತ್ತವೆ, ದಿಕ್ಕು ಬದಲಾಗುವುದಿಲ್ಲ.

ಹಾಗಾಗಿ ನಾಜಲ್ ಆರಿಸುವ ಮೊದಲು ಸ್ಪರ್ಧೆಯ ದಾರಿಯನ್ನು ನೋಡಬೇಕು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಜೆಟ್ ಸ್ಪ್ರಿಂಟ್ ಪಂದ್ಯದಲ್ಲಿ ಇಬ್ಬರು ಕೂರುವ ದೋಣಿಗಳು ಕಿರಿದಾದ, ಆಳವಿಲ್ಲದ ಕಾಲುವೆಗಳಲ್ಲಿ ಒಂದೊಂದಾಗಿ ಗಡಿಯಾರದ ವಿರುದ್ಧ ಓಡುತ್ತವೆ. ಹೆಜ್ಜೆಗೊಂದು ತಿರುವು, ಪ್ರತಿ ತಿರುವಿನ ಬಳಿಕ ಮತ್ತೆ ವೇಗ ಕೂಡಿಸಬೇಕು. ಅಂಥಲ್ಲಿ ಹೆಚ್ಚು ನೀರು ತಳ್ಳುವ ಅಗಲ ಬಾಯಿಗೆ ಬೆಲೆ. ನೇರ ದಾರಿಯ ಓಟದಲ್ಲಿ ಕೊನೆಯ ವೇಗವೇ ಎಲ್ಲ, ಅಲ್ಲಿ ಕಿರಿದು ಬಾಯಿಗೆ ಬೆಲೆ.

ಇನ್ನು 400 ವಾಟ್ ಎಂದು ಹಿಡಿದೆವಲ್ಲ, ಅದರ ವಿಚಾರ. ನಿಜವಾದ ಪಂಪು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಪ್ರತಿ ಪಂಪಿಗೂ ತನಗೆ ಒಗ್ಗುವ ಒಂದು ಹರಿವು ಇರುತ್ತದೆ. ಅದರ ಆಚೆ ಈಚೆ ಸರಿದಷ್ಟೂ ಶಕ್ತಿ ನೀರಿನ ಸುಳಿಯಲ್ಲೇ ಕರಗುತ್ತದೆ. ಇದನ್ನು ಕೋಲಾರದವರಿಗೆ ವಿವರಿಸುವುದು ಸುಲಭ, ಏಕೆಂದರೆ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳ ಈ ಜಿಲ್ಲೆಯಲ್ಲಿ ಪಂಪಿನ ವಿಷಯ ತಿಳಿಯದ ಮನೆ ಕಡಿಮೆ. ನಾನು ಪಂಪು ರಿಪೇರಿ ಕಲಿತದ್ದೂ ಇಲ್ಲೇ. ನೀರನ್ನು ಸುತ್ತಿಸಿ ಹೊರಕ್ಕೆ ಎಸೆಯುವ ಸೆಂಟ್ರಿಫ್ಯೂಗಲ್ ಪಂಪಿನ ಡೆಲಿವರಿ ಗೇಟ್‌ವಾಲ್ವನ್ನು ಅರ್ಧ ಮುಚ್ಚಿದರೆ ಆಂಪ್ಸ್, ಅಂದರೆ ಮೋಟಾರು ಎಳೆಯುವ ಕರೆಂಟು, ಇಳಿಯುತ್ತದೆ. ನಾಜಲ್ ಕಿರಿದು ಮಾಡುವುದೂ ಅದೇ ಕೆಲಸ. ಹಾಗೆ ಆಂಪ್ಸ್ ಇಳಿದರೆ ಮೋಟಾರಿನಲ್ಲಿ ಶಕ್ತಿ ಬಳಕೆಯಾಗದೆ ಉಳಿಯಿತು ಎಂದರ್ಥ. ಅದನ್ನು ವಾಪಸು ಪಡೆಯಲು ಇಂಪೆಲ್ಲರನ್ನು (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ತುಸು ದೊಡ್ಡದು ಮಾಡಬೇಕು, ಇಲ್ಲವೇ ಸುತ್ತು ಹೆಚ್ಚಿಸಬೇಕು. ಸುತ್ತಿನ ವಿಷಯದಲ್ಲಿ ಎಚ್ಚರಿಕೆಯಿರಲಿ: ಸುತ್ತು ಶೇ 10 ಏರಿದರೆ ಹರಿವು ಶೇ 10, ಒತ್ತಡ ಶೇ 21, ಬೇಡುವ ಶಕ್ತಿ ಶೇ 33 ಏರುತ್ತದೆ. ಮೋಟಾರು ಸುಡುವುದು ಇಲ್ಲೇ.

ನಿಮ್ಮದು ಫ್ಯಾನಿನ ರೆಕ್ಕೆಯಂಥ ಇಂಪೆಲ್ಲರ್ ಇರುವ ಆಕ್ಸಿಯಲ್ ಪಂಪಾದರೆ ಎಲ್ಲವೂ ತಿರುಗುಮುರುಗು. ಅದರಲ್ಲಿ ಬಾಯಿ ಬಿಗಿ ಮಾಡಿದಷ್ಟೂ ಆಂಪ್ಸ್ ಏರುತ್ತದೆ. ನಿಮ್ಮ ಪತ್ರದಲ್ಲಿ ಪಂಪಿನ ಜಾತಿ ಬರೆದಿಲ್ಲ, ಆದ್ದರಿಂದ ಮೊದಲು ಆಂಪ್ಸ್ ಅಳೆಯಿರಿ.

ಅಗಲ ಬಾಯಿಗೂ ಮಿತಿಯುಂಟು. ಬಾಯಿ ತೀರಾ ಅಗಲವಾದರೆ, ವೇಗ ಹಿಡಿಯುವ ಮೊದಲು ಇಂಪೆಲ್ಲರ್ ಕೇಳುವಷ್ಟು ನೀರು ಒಳಹರಿವಿನಿಂದ ಬರುವುದಿಲ್ಲ. ಇಂಪೆಲ್ಲರಿನ ಕಣ್ಣಿನ, ಅಂದರೆ ನೀರು ಒಳಹೋಗುವ ನಡುಬಾಯಿಯ ಬಳಿ ಒತ್ತಡ ಕುಸಿದು ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬಂದರೆ ಅದೇ. ಇಂಪೆಲ್ಲರ್ ಬಿಚ್ಚಿ ನೋಡಿದರೆ ಹುಳು ತಿಂದಂಥ ಗುಳಿಗಳು ಕಾಣುತ್ತವೆ.

ನಾಜಲ್ ಮುಟ್ಟುವ ಮೊದಲು ಸರಿಪಡಿಸಬೇಕಾದದ್ದು ಬೇರೆಯೇ ಇದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹುಡುಗರು ವಾರಗಟ್ಟಲೆ ನಾಜಲ್ ಕೊರೆದು ಕೊನೆಗೆ ತಪ್ಪು ಬೇರೆಲ್ಲೋ ಇದ್ದದ್ದನ್ನು ಕಂಡಿದ್ದೇನೆ. ಇಂಪೆಲ್ಲರಿಗೂ ಅದರ ಸುತ್ತ ಕೂರುವ ವೇರ್ ರಿಂಗ್ ಎಂಬ ಬಳೆಗೂ ನಡುವಿನ ಸಂದು ಹೆಚ್ಚಿದ್ದರೆ, ತಳ್ಳಿದ ನೀರು ಹಿಂದಕ್ಕೇ ಸೋರುತ್ತದೆ. ಗ್ಯಾಸ್ಕೆಟ್ ಒಳಕ್ಕೆ ಚಾಚಿದ್ದರೆ ಕತ್ತರಿಸಿ. ಒಳಹರಿವಿನ ಜಾಲರಿಗೆ ಜೊಂಡು, ಪ್ಲಾಸ್ಟಿಕ್ ಚೀಲ ಸಿಕ್ಕಿದೆಯೇ ನೋಡಿ (ಬ್ಯಾಟರಿ ಬಿಚ್ಚಿದ ಮೇಲೆಯೇ ಕೈ ಹಾಕಿ). ನಾಜಲಿನಿಂದ ನೀರು ಗಾಜಿನ ಕಡ್ಡಿಯಂತೆ ನುಣುಪಾಗಿ ಹೊರಡಬೇಕು. ಹಗ್ಗ ಹೊಸೆದಂತೆ ತಿರುಚಿಕೊಂಡು ಬಂದರೆ ಸುಳಿ ಬಿಡಿಸುವ ನಿಂತ ರೆಕ್ಕೆಗಳು ಸರಿಯಿಲ್ಲ. ಅಂಚಿನಲ್ಲಿ ಚದುರಿದರೆ ಬಾಯಿಯ ತುದಿ ದುಂಡಾಗಿದೆ, ಲೇತಿನಲ್ಲಿ ಚೂಪಾಗಿ ಕತ್ತರಿಸಿ.

ನಾಜಲ್ ಎಲ್ಲಿದೆ ಎಂಬುದೂ ಮುಖ್ಯ. ನ್ಯೂಜಿಲೆಂಡಿನ ಕುರಿ ಸಾಕಣೆಗಾರ, ಎಂಜಿನಿಯರ್ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಆಳವಿಲ್ಲದ ತನ್ನ ನದಿಗಳಿಗಾಗಿ ಜೆಟ್ ದೋಣಿ ಕಟ್ಟಿದಾಗ, ಮೊದಲು ನೀರನ್ನು ದೋಣಿಯ ತಳದಲ್ಲೇ ಬಿಡುತ್ತಿದ್ದರು. ಹಿಂಬದಿಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ ಬಿಟ್ಟ ಮೇಲೆ ವೇಗ ಎದ್ದು ಕಾಣುವಂತೆ ಏರಿತು. 1960ರಲ್ಲಿ ಅವರ ಜೆಟ್ ದೋಣಿಗಳು ಕೊಲರಾಡೊ ನದಿಯ ಮಹಾಕಂದರವನ್ನು ಪ್ರವಾಹದ ಎದುರು ಏರಿದವು. ಅಮೆರಿಕದ ವೇಗದ ದೋಣಿಗಳಲ್ಲಿ ಹೆಸರಾದ ಬರ್ಕ್ಲಿ ಜೆಟ್ ಪಂಪಿನ ಕಂಪನಿ ಮೊದಲು ತಯಾರಿಸುತ್ತಿದ್ದದ್ದು ಹೊಲಕ್ಕೆ ನೀರು ಹಾಯಿಸುವ ಪಂಪುಗಳನ್ನು. ಪಂಪಿನ ನಾಡಿನಿಂದ ಬಂದ ನಿಮಗೆ ಈ ವಿದ್ಯೆ ಹೊರಗಿನದೇನೂ ಅಲ್ಲ.

ಈಗ ಕೆಲಸ. ಒಂದೇ ಹೊರಕವಚ ಮಾಡಿ, ಅದರೊಳಗೆ ಬದಲಿಸಬಹುದಾದ ಉಂಗುರಗಳನ್ನು ಕೂರಿಸಿ. ಕೊರೆದದ್ದನ್ನು ಮತ್ತೆ ತುಂಬಲಾಗದು, ಹಾಗಾಗಿ 24ರಿಂದ ಆರಂಭಿಸಿ ಒಂದೊಂದು ಮಿಲಿಮೀಟರ್ ಅಗಲಿಸುತ್ತ ಬನ್ನಿ. ವ್ಯಾಸದಲ್ಲಿ ಒಂದು ಮಿ.ಮೀ. ಎಂದರೆ ಈ ಅಳತೆಯಲ್ಲಿ ಬಾಯಿಯ ವಿಸ್ತೀರ್ಣದಲ್ಲಿ ಶೇ 8ರಷ್ಟು ವ್ಯತ್ಯಾಸ, ಅದು ಸಣ್ಣದಲ್ಲ. ನಾಜಲಿನ ಹಿಂದೆ ಒಂದು ಪ್ರೆಷರ್ ಗೇಜ್ ಹಾಕಿ. ಅದು ಚದರ ಸೆಂ.ಮೀ.ಗೆ ಅರ್ಧ ಕೆ.ಜಿ. ತೋರಿಸಿದರೆ ನೀರು ಸೆಕೆಂಡಿಗೆ 10 ಮೀಟರ್ ಹತ್ತಿರ ಹೊರಡುತ್ತಿದೆ, ಮುಕ್ಕಾಲು ಕೆ.ಜಿ. ಆದರೆ 12 ಮೀಟರ್. ಪ್ರತಿ ಉಂಗುರಕ್ಕೂ ಪೂರ್ತಿ ಚಾರ್ಜ್ ಆದ ಬ್ಯಾಟರಿ, ಅದೇ ತೂಕ. ಗಾಳಿಯ ಜೊತೆಗೊಮ್ಮೆ, ಎದುರಿಗೊಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಮೊದಲ ಹತ್ತು ಮೀಟರಿನ ಸಮಯ ಮತ್ತು ಕೊನೆಯ ಹತ್ತು ಮೀಟರಿನ ಸಮಯವನ್ನು ಬೇರೆ ಬೇರೆ ಬರೆದುಕೊಳ್ಳಿ. ತಕ್ಕಡಿ ಕೊಡದಿದ್ದ ಉತ್ತರ ಆ ಎರಡು ಸಾಲುಗಳಲ್ಲಿ ಸಿಗುತ್ತದೆ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ) ಯೋಜನೆಯ ನೀರು ಬಂದು ನಮ್ಮ ಕೆರೆಗಳು ಮತ್ತೆ ತುಂಬಿವೆ, ಜಾಗಕ್ಕೆ ಕೊರತೆಯಿಲ್ಲ. ಆದರೆ ಅದು ಬೆಂಗಳೂರಿನಿಂದ ಸಂಸ್ಕರಿಸಿ ಬರುವ ಕೊಳಚೆ ನೀರು. ದೋಣಿಯ ಹಿಂದೆ ನೀರಿಗಿಳಿದು ಈಜಬೇಡಿ, ಮೀನಿನ ಬಲೆ ಹಾಕಿರುವ ಕಡೆ ಓಡಿಸಬೇಡಿ, ಪಂಚಾಯಿತಿಗೆ ಒಂದು ಮಾತು ತಿಳಿಸಿ. ಸ್ಪರ್ಧೆಯ ದಾರಿ ಐವತ್ತು ಮೀಟರಿನೊಳಗಿದ್ದು ತಿರುವುಗಳಿದ್ದರೆ, 28ರಿಂದ 30 ಮಿ.ಮೀ.ನ ಉಂಗುರಗಳನ್ನು ಎಚ್ಚರಿಕೆಯಿಂದ ಪರೀಕ್ಷಿಸಿ. ನನ್ನ ಅಂದಾಜಿನಲ್ಲಿ ನಿಮ್ಮ ಗೆಲುವಿನ ಉಂಗುರ ಅಲ್ಲೆಲ್ಲೋ ಇದೆ.