ಕಾಳ್ಗಿಚ್ಚಿನ ಹೊಗೆ ಮತ್ತು ಓಝೋನ್: ಒಂದೇ ಸೂಚ್ಯಂಕದಲ್ಲಿ ಕಾಣದ ಲೆಕ್ಕ

ಕಾಡು ಉರಿಯುವಾಗ ಓಝೋನ್ (ನೆಲದ ಹತ್ತಿರ ಇದ್ದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಅನಿಲ) ನೇರವಾಗಿ ಹೊರಬರುವುದಿಲ್ಲ. ಬೆಂಕಿ ಕೊಡುವುದು ಅದರ ಕಚ್ಚಾ ಸಾಮಗ್ರಿ ಮಾತ್ರ: ನೈಟ್ರೋಜನ್ ಆಕ್ಸೈಡುಗಳು ಮತ್ತು ಬೇಗ ಆವಿಯಾಗುವ ಸಾವಯವ ಅನಿಲಗಳು. ಇವುಗಳ ಮೇಲೆ ಬಿಸಿಲು ಬಿದ್ದರೆ ಗಾಳಿಯಲ್ಲೇ ಓಝೋನ್ ತಯಾರಾಗುತ್ತದೆ.

ಧಗಧಗನೆ ಉರಿಯುವ ಬೆಂಕಿಯಿಂದ ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಜ್ವಾಲೆಯಿಲ್ಲದೆ ಹೊಗೆಯಾಡುವ ಬೆಂಕಿಯಿಂದ ಸಾವಯವ ಅನಿಲ, ಕಾರ್ಬನ್ ಮಾನಾಕ್ಸೈಡ್, ಸೂಕ್ಷ್ಮ ಕಣ ಜಾಸ್ತಿ. ದೂರ ಸಾಗಿಬಂದ ಹೊಗೆಯಲ್ಲಿ ಸಾವಯವ ಅನಿಲ ಧಾರಾಳ, ನೈಟ್ರೋಜನ್ ಆಕ್ಸೈಡಿಗೆ ಬರ. ಆ ಹೊಗೆ ನಗರದ ಮೇಲೆ ಬಂದರೆ ವಾಹನಗಳು ಆ ಕೊರತೆ ನೀಗಿಸುತ್ತವೆ, ಓಝೋನ್ ಏರುತ್ತದೆ. ಇನ್ನೊಂದು ದಾರಿಯೂ ಇದೆ. ಪೆರಾಕ್ಸಿಅಸಿಟೈಲ್ ನೈಟ್ರೇಟ್ ಎಂಬ ಸಂಯುಕ್ತ ನೈಟ್ರೋಜನ್ ಡೈಆಕ್ಸೈಡನ್ನು ಬುತ್ತಿಯಂತೆ ಕಟ್ಟಿಕೊಂಡು ತಂಪಾದ ಎತ್ತರದಲ್ಲಿ ನೂರಾರು ಕಿ.ಮೀ. ಸಾಗುತ್ತದೆ, ಕೆಳಗಿಳಿದು ಬೆಚ್ಚಗಾದಾಗ ಗಂಟು ಬಿಚ್ಚುತ್ತದೆ. ಬೆಂಕಿಯೇ ಇಲ್ಲದ ಊರಲ್ಲಿ ಓಝೋನ್ ಏರುವುದು ಹೀಗೂ ಉಂಟು.

ಹಾಗಂತ ಹೊಗೆ ಹೆಚ್ಚಿದಷ್ಟೂ ಓಝೋನ್ ಹೆಚ್ಚು ಎಂದುಕೊಂಡರೆ ತಪ್ಪಾಯಿತು. ತೀರಾ ದಟ್ಟ ಹೊಗೆ ಅತಿನೇರಳೆ ಕಿರಣವನ್ನೇ ತಡೆಯುವುದರಿಂದ ಓಝೋನ್ ತಯಾರಿಕೆ ಕುಂಠಿತವಾಗುತ್ತದೆ. 2023ರ ಜೂನ್ 7ರಂದು ಕೆನಡಾದ ಕ್ವಿಬೆಕ್ ಕಾಡುಗಳ ಹೊಗೆಯಿಂದ ನ್ಯೂಯಾರ್ಕಿನ ಆಕಾಶ ಕಿತ್ತಳೆಯಾಗಿ, ವಾಯು ಗುಣಮಟ್ಟ ಸೂಚ್ಯಂಕ 400 ದಾಟಿತು. ಆ ಅಂಕಿ ಪಿಎಂ 2.5ರದ್ದು, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳದ್ದು, ಓಝೋನಿನದಲ್ಲ.

ಸೂಚ್ಯಂಕದ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಅಲ್ಲಿ ಕೂಡಿಸುವುದೂ ಇಲ್ಲ, ಸರಾಸರಿಯೂ ಇಲ್ಲ. ಒಂದೊಂದು ಮಾಲಿನ್ಯಕಾರಕಕ್ಕೂ ಬೇರೆಯಾಗಿ ಲೆಕ್ಕಹಾಕಿದ ಉಪಸೂಚ್ಯಂಕಗಳಲ್ಲಿ ದೊಡ್ಡದನ್ನೇ ತೋರಿಸುತ್ತಾರೆ. ಪಿಎಂ 2.5ಕ್ಕೆ 160, ಓಝೋನಿಗೆ 130 ಇದ್ದರೆ ಫಲಕದಲ್ಲಿ 160. ಶ್ವಾಸಕೋಶಕ್ಕೆ ಮಾತ್ರ ಎರಡೂ ಹೋಗುತ್ತವೆ. ನಮ್ಮ ದೇಶದ ಸೂಚ್ಯಂಕದ್ದೂ ಇದೇ ಕ್ರಮ.

ಮಾಪಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಾಮಾನ್ಯ ಓಝೋನ್ ಮಾಪಕ 254 ನ್ಯಾನೋಮೀಟರ್ ಬೆಳಕು ಎಷ್ಟು ಹೀರಲ್ಪಟ್ಟಿತು ಎಂದು ಅಳೆಯುತ್ತದೆ. ಹೊಗೆಯ ಕೆಲವು ಸಾವಯವ ಅನಿಲಗಳೂ ಅದೇ ಬೆಳಕನ್ನು ಹೀರುವುದರಿಂದ, ದಟ್ಟ ಹೊಗೆಯಲ್ಲಿ ಇಲ್ಲದ ಓಝೋನ್ ಇದ್ದಂತೆ ತೋರಬಹುದು.

ರಕ್ಷಣೆಯ ಮಾತಿಗೆ ಬಂದರೆ, ಮುಖಕ್ಕೆ ಸರಿಯಾಗಿ ಕೂತ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಓಝೋನನ್ನಲ್ಲ. ಗಾಳಿ ಶುದ್ಧೀಕರಿಸುವ ಯಂತ್ರಗಳಲ್ಲಿನ ಹೆಪಾ ಫಿಲ್ಟರಿನದೂ ಅದೇ ಕತೆ. ಅನಿಲಕ್ಕೆ ಸಕ್ರಿಯ ಇದ್ದಿಲಿನ ಪದರ ಬೇಕು. ಓಝೋನ್ ಮಧ್ಯಾಹ್ನದ ನಂತರ ಶಿಖರಕ್ಕೇರುವುದರಿಂದ ಹೊರಗಿನ ಕೆಲಸ ಬೆಳಿಗ್ಗೆ ಮುಗಿಸಿ ಎನ್ನುತ್ತಾರೆ. ಹೊಗೆಯ ದಿನ ಈ ಸಲಹೆ ಕೈಕೊಡಬಹುದು: ನಸುಕಿನಲ್ಲಿ ನೆಲದ ಹತ್ತಿರದ ತಂಪು ಗಾಳಿ ಮೇಲೇಳದೆ ಹೊಗೆ ಅಲ್ಲೇ ಮಡುಗಟ್ಟಿರುತ್ತದೆ. ಗಂಟೆವಾರು ಎರಡೂ ಉಪಸೂಚ್ಯಂಕ ನೋಡಿಯೇ ಹೊರಡಬೇಕು.