ಮುಂಗಡ ಕೊಡುವ ಅಭಿಮಾನಿಗಳೋ, ಪಾಲು ಕೇಳುವ ಹೂಡಿಕೆದಾರರೋ?

ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲವು ವರ್ಷ ದುಡಿದು, ಬಳಿಕ ಮೈಸೂರಿನಲ್ಲಿಯೇ ಕುಳಿತು ಸ್ವಂತ ಸಿಮ್ಯುಲೇಷನ್ ತಂತ್ರಾಂಶ (ನಿಜವಾದ ಯಂತ್ರ, ವಾಹನಗಳನ್ನು ನಡೆಸುವ ಅನುಭವವನ್ನು ಪರದೆಯ ಮೇಲೆ ಕೊಡುವಂಥದ್ದು) ಕಟ್ಟಲು ಹೊರಟವರು ಲೆಕ್ಕಪರಿಶೋಧಕನಾದ ನನ್ನಲ್ಲಿ ಕೇಳುವುದು ಹಣವನ್ನು ಎಲ್ಲಿಂದ ತರಬೇಕೆಂದು. ಅವರ ತಂತ್ರಾಂಶವನ್ನು ಯಾರು ಕೊಳ್ಳುತ್ತಾರೆಂಬುದು ತಿಳಿಯದೆ ನಾನು ಉತ್ತರ ಹೇಳುವುದಿಲ್ಲ. ಮೈಸೂರು–ಹಾಸನ–ಅರಸೀಕೆರೆ ಮಾರ್ಗದಲ್ಲಿ ರೈಲು ಓಡಿಸುವ ಅನುಭವ ಕೊಡುವ ತಂತ್ರಾಂಶವನ್ನು ರೈಲಿನ ಹುಚ್ಚಿರುವವರು ತಮ್ಮ ಜೇಬಿನಿಂದ ಕೊಳ್ಳುತ್ತಾರೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ನಿರ್ವಹಣೆಯನ್ನು ಕಲಿಸುವ ತಂತ್ರಾಂಶವನ್ನು ಕಾರ್ಖಾನೆಯೇ ಕೊಳ್ಳಬೇಕು. ಎರಡರ ಮಾರುಕಟ್ಟೆಯೂ ಸಣ್ಣದು, ಆದರೆ ಹಣ ಬರುವ ದಾರಿ ಬೇರೆ.

ಕ್ರೌಡ್‌ಫಂಡಿಂಗ್ ಎಂದೊಡನೆ ಹಲವರ ಮನಸ್ಸಿನಲ್ಲಿರುವುದು, ಅಂತರ್ಜಾಲದಲ್ಲಿ ಮನವಿ ಮಾಡಿ ಸಾವಿರಾರು ಜನರಿಂದ ಸಣ್ಣ ಮೊತ್ತ ಪಡೆದು ಅವರಿಗೆ ಷೇರು ಕೊಡುವ ಕಲ್ಪನೆ. ನಮ್ಮ ದೇಶದಲ್ಲಿ ಅದಕ್ಕೆ ಅವಕಾಶವಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಕಲಮಿನಡಿ ಖಾಸಗಿಯಾಗಿ ಷೇರು ನೀಡುವಾಗ ಒಂದು ಆರ್ಥಿಕ ವರ್ಷದಲ್ಲಿ ಸಾಮಾನ್ಯವಾಗಿ 200 ಜನರನ್ನು ಮೀರುವಂತಿಲ್ಲ, ಸಾರ್ವಜನಿಕ ಜಾಹೀರಾತನ್ನೂ ಕೊಡುವಂತಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2014ರಲ್ಲಿ ಈ ಬಗ್ಗೆ ಚರ್ಚಾಪತ್ರ ಹೊರಡಿಸಿತಾದರೂ, 2016ರಲ್ಲಿ ಇಂಥ ಅನಧಿಕೃತ ಜಾಲತಾಣಗಳ ವಿರುದ್ಧ ಹೂಡಿಕೆದಾರರನ್ನು ಎಚ್ಚರಿಸಿತು. ಆದ್ದರಿಂದ ಕಾನೂನುಬದ್ಧವಾಗಿ ಉಳಿಯುವುದು, ಮುಂದೆ ಕೊಡಲಿರುವ ತಂತ್ರಾಂಶಕ್ಕೆ ಈಗಲೇ ಹಣ ಪಡೆಯುವ ಮುಂಗಡ ಮಾರಾಟ ಮಾತ್ರ.

ಮುಂಗಡವೆಂದ ಮೇಲೆ ಅದಕ್ಕೆ ಗಡುವೂ ಇದೆ. 2014ರ ಠೇವಣಿ ನಿಯಮಗಳ ಪ್ರಕಾರ ಕಂಪನಿಯೊಂದು ಸೇವೆಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಆ ಸೇವೆಗೆ ಹೊಂದಿಸದಿದ್ದರೆ ಅದು ಠೇವಣಿಯೆಂದು ಪರಿಗಣಿತವಾಗುವ ಅಪಾಯವಿದೆ. ಸಾರ್ವಜನಿಕರಿಂದ ಠೇವಣಿ ಪಡೆಯುವ ಅಧಿಕಾರ ಖಾಸಗಿ ಕಂಪನಿಗಿಲ್ಲ. ಸಿಮ್ಯುಲೇಷನ್ ತಂತ್ರಾಂಶಕ್ಕೆ ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯವಾದ್ದರಿಂದ ನನ್ನ ಕಕ್ಷಿದಾರರಿಗೆ ಇದೇ ದೊಡ್ಡ ತೊಡಕು. (ಪಾಲುದಾರಿಕೆ ಸಂಸ್ಥೆಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೆ ಅಲ್ಲಿ ಹೊಣೆ ಪಾಲುದಾರರ ಸ್ವಂತ ಆಸ್ತಿಯವರೆಗೂ ಬರುತ್ತದೆ.) ಇದರ ಜೊತೆಗೆ, ಸೇವೆಯ ಮುಂಗಡಕ್ಕೆ ಹಣ ಕೈಸೇರಿದಾಗಲೇ ಜಿಎಸ್‌ಟಿ ತಗಲುತ್ತದೆ. ನೋಂದಾಯಿತ ಕಂಪನಿಯೊಂದು ದೇಶದೊಳಗಿನ ಗ್ರಾಹಕರಿಂದ ತೆರಿಗೆ ಸೇರಿ ₹30 ಲಕ್ಷ ಸಂಗ್ರಹಿಸಿದರೆ, ಶೇ 18ರ ದರದಲ್ಲಿ ಸುಮಾರು ₹4.58 ಲಕ್ಷ ತೆರಿಗೆಯೇ ಆಗಿರುತ್ತದೆ. ಹಣ ಸಂಗ್ರಹಿಸಿಕೊಡುವ ಜಾಲತಾಣದ ಕಮಿಷನ್ ಬೇರೆ.

ಹಣ ಸಂಗ್ರಹದ ಗುರಿ ಮುಟ್ಟಿದ ಮಾತ್ರಕ್ಕೆ ವೆಚ್ಚ ತುಂಬುತ್ತದೆಂದೂ ಭಾವಿಸಬಾರದು. 2013ರಲ್ಲಿ ಎರಡನೇ ಮಹಾಯುದ್ಧದ ವಿಮಾನಗಳ ಸಿಮ್ಯುಲೇಟರ್‌ಗಾಗಿ ಆರ್‌ಆರ್‌ಜಿ ಸ್ಟುಡಿಯೋಸ್ ಕಂಪನಿ ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ಜಾಲತಾಣದಲ್ಲಿ ಒಂದು ಲಕ್ಷ ಡಾಲರ್ ಕೇಳಿ ಸುಮಾರು 1.59 ಲಕ್ಷ ಡಾಲರ್ ಪಡೆಯಿತು. ಆದರೂ ಮರುವರ್ಷವೇ ಆ ಯೋಜನೆಯನ್ನು ಈಗಲ್ ಡೈನಮಿಕ್ಸ್ ಎಂಬ ಮತ್ತೊಂದು ಸಿಮ್ಯುಲೇಟರ್ ಕಂಪನಿ ವಹಿಸಿಕೊಳ್ಳಬೇಕಾಯಿತು. ಜನರನ್ನು ಸೆಳೆಯಲು ಗುರಿಯನ್ನು ಕಿರಿದಾಗಿಸಿ ತೋರಿಸುವ ಚಾಳಿ ನಮ್ಮಲ್ಲಿಯೂ ಇದೆ, ಅದನ್ನು ನಾನು ಒಪ್ಪುವುದಿಲ್ಲ. ರೈಲಿನ ಯೋಜನೆಯವರಿಗೆ ನನ್ನ ಸಲಹೆಯೆಂದರೆ ಮಾರ್ಗವನ್ನೇ ತುಂಡು ಮಾಡುವುದು: ಓಡುವ ಮಾದರಿಯೊಂದು ಸಿದ್ಧವಾದ ಮೇಲೆ, ಮೈಸೂರಿನಿಂದ ಕೃಷ್ಣರಾಜನಗರದವರೆಗಿನ ಭಾಗವನ್ನು ಸ್ವತಂತ್ರ ಉತ್ಪನ್ನವೆಂದು ಘೋಷಿಸಿ, ಅದಕ್ಕಷ್ಟೇ ಹಣ ಪಡೆದು ವರ್ಷದೊಳಗೆ ತಲುಪಿಸಿ, ಹಾಸನದವರೆಗಿನ ಭಾಗಕ್ಕೆ ಪ್ರತ್ಯೇಕವಾಗಿ ಮುಂಗಡ ಕೇಳಬಹುದು.

ಹೂಡಿಕೆದಾರರ ಹಣಕ್ಕೆ ಈ ಗಡುವಿಲ್ಲ, ಆದರೆ ಬೇರೊಂದು ನಿರೀಕ್ಷೆಯಿದೆ. ನಾಲ್ಕು ಸಾವಿರ ಅಭಿಮಾನಿಗಳು ತಲಾ ₹2,500 ಕೊಟ್ಟರೆ ಒಟ್ಟು ಒಂದು ಕೋಟಿಯಾಗುತ್ತದೆ. ಇಬ್ಬರು ಮೂವರ ತಂಡಕ್ಕೆ ಅದು ನೆಮ್ಮದಿಯ ವ್ಯಾಪಾರವಾದರೂ, ಕೆಲವೇ ವರ್ಷಗಳಲ್ಲಿ ತನ್ನ ಪಾಲನ್ನು ಹಲವು ಪಟ್ಟು ಬೆಲೆಗೆ ಮಾರಿ ಹೊರಬರಬೇಕಾದ ವೆಂಚರ್ ನಿಧಿಗೆ ಅದರಲ್ಲಿ ಆಸಕ್ತಿಯಿರುವುದಿಲ್ಲ. ಒಂದು ವೇಳೆ ಅಂಥವರು ಬಂದರೂ ರೈಲನ್ನು ಬಿಟ್ಟು ಮೊಬೈಲ್ ಆಟ ಮಾಡಿರೆಂಬ ಒತ್ತಡ ಬರಬಹುದು. ತಮ್ಮ ಸ್ವಂತ ಹಣ ಹಾಕುವ ಪರಿಚಿತ ಏಂಜೆಲ್ ಹೂಡಿಕೆದಾರರಿದ್ದರೆ ಮಾತು ಬೇರೆ: ಷೇರನ್ನು ನ್ಯಾಯಯುತ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಕೊಟ್ಟಾಗ ಆ ಹೆಚ್ಚುವರಿ ಹಣಕ್ಕೆ ಕಂಪನಿ ಕಟ್ಟಬೇಕಿದ್ದ ಏಂಜೆಲ್ ತೆರಿಗೆಯನ್ನು 2024ರ ಬಜೆಟ್ ತೆಗೆದುಹಾಕಿದೆ. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್ ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ ₹25 ಲಕ್ಷವನ್ನು, ಮುಂದೆ ಷೇರಾಗಿ ಪರಿವರ್ತಿಸಬಹುದಾದ ಕನ್ವರ್ಟಿಬಲ್ ನೋಟ್ ರೂಪದಲ್ಲಿ ಪಡೆದರೆ, ಅದು ಠೇವಣಿಯೂ ಆಗುವುದಿಲ್ಲ.

ಮಂಡ್ಯದ ಕಡೆಯ ಬಾಯ್ಲರ್ ತರಬೇತಿ ತಂತ್ರಾಂಶಕ್ಕೆ ನಾನು ಎರಡನ್ನೂ ಸೂಚಿಸುವುದಿಲ್ಲ. ಅಲ್ಲಿ ಅಭಿಮಾನಿಗಳ ಗುಂಪಿಲ್ಲ, ಹೂಡಿಕೆದಾರರಿಗೆ ತೋರಿಸಲು ಮಾರಾಟದ ಲೆಕ್ಕವೂ ಇಲ್ಲ. ಪಾಲು ಕೇಳದೆ ಗರಿಷ್ಠ ₹50 ಲಕ್ಷದವರೆಗೆ ಅನುದಾನ ನೀಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಹಾಕುವುದರೊಂದಿಗೆ, ಕಬ್ಬು ಅರೆಯುವ ಹಂಗಾಮು ಮುಗಿದು ಸಿಬ್ಬಂದಿಗೆ ಬಿಡುವಿರುವ ತಿಂಗಳುಗಳಲ್ಲಿ ಒಂದೇ ಕಾರ್ಖಾನೆಯಿಂದ ಪ್ರಾಯೋಗಿಕ ಆರ್ಡರ್ ಪಡೆದು, ಕೆಲಸದ ಹಂತಕ್ಕೆ ತಕ್ಕಂತೆ ಹಣ ಪಾವತಿಯಾಗುವಂತೆ ಕರಾರು ಬರೆಸಿಕೊಳ್ಳಬೇಕು. ಮೂಲ ತಂತ್ರಾಂಶದ ಹಕ್ಕು ತಯಾರಕರಲ್ಲಿಯೇ ಉಳಿಯುತ್ತದೆಂಬ ವಾಕ್ಯ ಆ ಕರಾರಿನಲ್ಲಿ ಇರಲೇಬೇಕು, ಇಲ್ಲವಾದರೆ ಎರಡನೆಯ ಕಾರ್ಖಾನೆಗೆ ಮಾರಲು ಏನೂ ಉಳಿದಿರುವುದಿಲ್ಲ.