ಕುಡಿತ ಬಿಟ್ಟ ಮೂರನೆಯ ದಿನ

"ಕುಡೀತಿದ್ದಾಗ ಚೆನ್ನಾಗೇ ಇದ್ರು ಸಾರ್, ಬಿಟ್ಟ ಮೇಲೇ ಹಿಂಗಾಗಿದ್ದು." ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳನ್ನು ನೋಡುವ ವೈದ್ಯರಿಗೆಲ್ಲ ಈ ಮಾತು ಬಾಯಿಪಾಠ. ಹೇಳುವ ಹೆಂಗಸಿನ ಪಕ್ಕದಲ್ಲಿ ಗಂಡ. ಅವನ ಮುಂಗೈಯಲ್ಲಿ ಹಗ್ಗ ಬಿಗಿದ ಗುರುತು, ಹಣೆಗೆ ವಿಭೂತಿ, ಕೊರಳಲ್ಲಿ ಹೊಸ ತಾಯಿತ. ಸೋಮವಾರ ದೇವರ ಮುಂದೆ ಆಣೆ, ಮಂಗಳವಾರ ಕೈನಡುಕ, ಆ ರಾತ್ರಿಯೇ ಒಂದು ಫಿಟ್ಸ್, ಗುರುವಾರ ಮೈಮೇಲೆ 'ಗಾಳಿ'. ಆಸ್ಪತ್ರೆಗೆ ಬರುವ ಹೊತ್ತಿಗೆ ಶುಕ್ರವಾರ.

ಹೆಂಗಸು ಹೇಳುವುದು ಸುಳ್ಳಲ್ಲ, ಬಿಟ್ಟದ್ದರಿಂದಲೇ ಹೀಗಾಯಿತು. ಆದರೆ ಬಿಡಬಾರದಿತ್ತು ಎಂದು ಅದರ ಅರ್ಥವಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಔಷಧಿಯ ಆಸರೆಯಿಲ್ಲದೆ ಒಮ್ಮೆಗೇ ಬಿಡಬಾರದಿತ್ತು, ಅಷ್ಟೇ. ಎಷ್ಟು ಸಲ ಹೇಳಿದರೂ ಮನೆಯವರ ಕಿವಿಗೆ ಇದು 'ಡಾಕ್ಟ್ರೇ ಕುಡಿ ಅಂದ್ರು' ಎಂದು ಕೇಳಿಸುತ್ತದೆ. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮದ್ಯ ಮಿದುಳನ್ನು ಮಂದ ಮಾಡುತ್ತದೆ. ದಿನವೂ ಮಂದ ಮಾಡುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ, ಎದುರು ಜಗ್ಗಿ ಜಗ್ಗಿ ತನ್ನ ಚುರುಕನ್ನು ಏರಿಸಿಕೊಳ್ಳುತ್ತದೆ. ಜೋಡೆತ್ತಿನಲ್ಲಿ ಒಂದನ್ನು ನಡುದಾರಿಯಲ್ಲಿ ಕಳಚಿದರೆ ಉಳಿದದ್ದು ಗಾಡಿಯನ್ನು ಎತ್ತ ಎಳೆದೊಯ್ಯುತ್ತದೋ ಯೋಚಿಸಿ. ಮದ್ಯ ಸಟ್ಟನೆ ನಿಂತಾಗ ಆಗುವುದೂ ಅದೇ. ಏರಿದ ಚುರುಕು ಇಳಿಯಲು ದಿನಗಳು ಬೇಕು, ಅಲ್ಲಿಯವರೆಗೆ ಅದನ್ನು ಹಿಡಿಯುವವರಿಲ್ಲ.

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. ಆರೆಂಟು ಗಂಟೆಗೆ ಕೈನಡುಕ, ಬೆವರು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಹಿಂದೆಂದೂ ಬಾರದವರಿಗೂ. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ. ವೈದ್ಯರು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಹಗಲು ರಾತ್ರಿ ತಿಳಿಯುವುದಿಲ್ಲ, ಮಗನ ಗುರುತು ಸಿಗುವುದಿಲ್ಲ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ. ರೈತನಾದರೆ ಹಾಸಿಗೆಯ ಮೇಲೆ ಕೂತೇ ಹಗ್ಗ ಹೊಸೆಯುತ್ತಾನೆ, ಇಲ್ಲದ ಎತ್ತನ್ನು ಗದರಿಸುತ್ತಾನೆ, ಇಲ್ಲದ ಬೀಡಿಗೆ ಕಡ್ಡಿ ಗೀರುತ್ತಾನೆ. ಸಂಜೆಯಾದಂತೆ ಹೆಚ್ಚು. ನೋಡುವವರಿಗೆ ದೆವ್ವ ಮೆಟ್ಟಿಕೊಂಡಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಒಳಗೆ ಜ್ವರ, ಏರಿದ ರಕ್ತದೊತ್ತಡ, ಓಡುವ ನಾಡಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋದೀತು. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದ ಮದ್ಯದಂಗಡಿಗಳು ಮುಚ್ಚಿದ್ದಾಗ ಆಸ್ಪತ್ರೆಗಳು ಕಂಡದ್ದು ಇದನ್ನೇ. ಶ್ರಾವಣ, ಅಯ್ಯಪ್ಪನ ಮಾಲೆ, ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಅಂಗಡಿ ಬಂದ್ ಆಗುವುದು, ಎಲ್ಲದರ ಬೆನ್ನಿಗೂ ಇದೇ ಸಾಲು.

ಎಲ್ಲರಿಗೂ ಹೀಗಾಗುವುದಿಲ್ಲ. ವಾರದ ಸಂತೆಗೆ ಹೋದಾಗ ಮಾತ್ರ ಕುಡಿಯುವವನು ನಾಳೆಯೇ ಬಿಡಲಿ, ಏನೂ ಆಗದು. 180 ಮಿ.ಲೀ. ಕ್ವಾರ್ಟರಿನಲ್ಲಿ ಮದ್ಯಸಾರ ನೂರಕ್ಕೆ 42.8 ಪಾಲು; ಅಂದರೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ದಿನಕ್ಕೆ ಇಷ್ಟು ಅಥವಾ ಹೆಚ್ಚು ಕುಡಿಯುತ್ತಿದ್ದರೆ ಎಚ್ಚರ ಬೇಕು. ಅಳತೆಗಿಂತಲೂ ನಂಬಬಹುದಾದ ಗುರುತು ಬೆಳಗಿನದು: ಎದ್ದ ಕೂಡಲೇ ಕೈ ನಡುಗಿ, ಒಂದು ನೈಂಟಿ ಬಿದ್ದ ಮೇಲೆ ನಿಲ್ಲುತ್ತಿದ್ದರೆ ಅವನು ಮನೆಯಲ್ಲಿ ತಾನಾಗಿ ಬಿಡತಕ್ಕವನಲ್ಲ. ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದರಂತೂ ಆಸ್ಪತ್ರೆಗೆ ಸೇರಿಸಿಯೇ ಬಿಡಿಸಬೇಕು. ಇಂಥವನು ವೈದ್ಯರನ್ನು ಕಾಣುವವರೆಗೆ ಒಮ್ಮೆಗೇ ನಿಲ್ಲಿಸದಿರುವುದೇ ಮೇಲು. ಕಾಣುವುದನ್ನು ಮುಂದಿನ ಹಬ್ಬಕ್ಕೆ ತಳ್ಳಲು ಇದು ನೆಪವಲ್ಲ, ನಾಳೆಯೇ ಹೋಗಿ.

ಆಸ್ಪತ್ರೆಯಲ್ಲಿ ಮಾಡುವುದು ಸರಳ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಂ, ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಂ, ಮೊದಲ ದಿನ ಹೆಚ್ಚು ಕೊಟ್ಟು ಐದಾರು ದಿನಗಳಲ್ಲಿ ಇಳಿಸುತ್ತ ನಿಲ್ಲಿಸುವುದು. ಕಳಚಿದ ಎತ್ತಿನ ಜಾಗಕ್ಕೆ ತಾತ್ಕಾಲಿಕವಾಗಿ ಇನ್ನೊಂದನ್ನು ಕಟ್ಟಿದ ಹಾಗೆ. ಇದನ್ನು ಮೆಡಿಕಲ್ ಶಾಪಿನಲ್ಲಿ 'ನಿದ್ದೆ ಮಾತ್ರೆ' ಎಂದು ಕೇಳಿ ತಂದು, ಮೇಲೆ ಕುಡಿದರೆ ಉಸಿರು ನಿಲ್ಲಬಹುದು.

ಮಾತ್ರೆಯಷ್ಟೇ ಮುಖ್ಯ ಥಯಾಮಿನ್, ಅಂದರೆ ಬಿ1. ಊಟ ಬಿಟ್ಟು ಕುಡಿದವನ ಮೈಯಲ್ಲಿ ಅದು ಬರಿದಾಗಿರುತ್ತದೆ. 'ಸುಸ್ತಾಗಿದೆ' ಎಂದು ಹಳ್ಳಿಯಲ್ಲೇ ಎರಡು ಬಾಟಲಿ ಗ್ಲೂಕೋಸ್ ಹಾಕಿಸುವ ಚಾಳಿ ಇದೆಯಲ್ಲ, ಆ ಗ್ಲೂಕೋಸನ್ನು ಉರಿಸಲು ಮಿದುಳು ಉಳಿದಷ್ಟು ಬಿ1 ಅನ್ನೂ ಖರ್ಚು ಮಾಡುತ್ತದೆ. ಆಮೇಲೆ ಕಣ್ಣು ಅಲುಗಾಟ, ತೂರಾಡುವ ನಡಿಗೆ, ಗಲಿಬಿಲಿ, ಕೆಲವರಿಗೆ ಮರಳಿ ಬಾರದ ಮರೆವು. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ರಕ್ತದ ಸಕ್ಕರೆ ತೀರಾ ಇಳಿದಿದ್ದರೆ ಮಾತ್ರ ಎರಡೂ ಒಟ್ಟಿಗೆ. ಕೇಳಲು ಸಂಕೋಚ ಬೇಡ.

ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ, ಬಾಯಿಗೆ ನೀರು, ಚಮಚ ಏನೂ ಬೇಡ, ಕೈಗೆ ಬೀಗದ ಕೈಯೂ ಬೇಡ, 108ಕ್ಕೆ ಕರೆ ಮಾಡಿ. ಸನ್ನಿ ಹಿಡಿದವನನ್ನು ಕತ್ತಲೆ ಕೋಣೆಯಲ್ಲಿ ಕಟ್ಟಿಹಾಕಬೇಡಿ. ದೀಪ ಉರಿಯಲಿ, ಪರಿಚಿತರೊಬ್ಬರು ಹತ್ತಿರವಿರಲಿ, ಗಾಡಿ ಬರುವವರೆಗೆ. ವೈದ್ಯರು ಮನೆಯಲ್ಲೇ ಔಷಧಿ ಸಾಕು ಎಂದರೂ ಮೊದಲ ವಾರ ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ, ಬಾವಿಕಟ್ಟೆ ಬೇಡ. ಕೀಟನಾಶಕದ ಡಬ್ಬಿಗೆ ಬೀಗ ಹಾಕಿ, ಬೀಗದ ಕೈ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ಕುಡಿತ ಬಿಡಿಸಲೆಂದು ಅವನಿಗೆ ಗೊತ್ತಿಲ್ಲದಂತೆ ಸಾಂಬಾರಿಗೆ ಬೆರೆಸುವ ಮಾತ್ರೆ. ಡೈಸಲ್ಫಿರಾಂ ಒಳ್ಳೆಯ ಔಷಧಿ, ಆದರೆ ತಾನೇ ಒಪ್ಪಿ ನುಂಗುವವನಿಗೆ. ತಿಳಿಯದೆ ನುಂಗಿ ಮೇಲೆ ಕುಡಿದವನಿಗೆ ಮೈ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ; ಸತ್ತವರಿದ್ದಾರೆ. ನಿಲ್ಲಿಸಿದ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದು. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೂ ಮಾಡಬೇಡಿ.

ರಾಯಚೂರಿನ ಕಡೆಯವರಿಗೆ ಒಂದು ಮಾತು. ಸೇಂದಿ ಎಂದು ಮಾರುವುದರಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಅಥವಾ ಆಲ್ಪ್ರಜೋಲಾಂ ಬೆರೆಸಿರುವುದುಂಟು. ಇವೂ ಮದ್ಯದಂತೆ ಮಿದುಳನ್ನು ಮಂದ ಮಾಡುವಂಥವೇ. ಅಬಕಾರಿ ದಾಳಿಯಾಗಿ ಸೇಂದಿ ನಿಂತರೆ ಇದೇ ಫಿಟ್ಸ್, ಇದೇ ಸನ್ನಿ, ಕುಡಿಯುತ್ತಿದ್ದ ಹೆಂಗಸರಿಗೂ. 'ಬರೀ ಸೇಂದಿ' ಎಂದು ವೈದ್ಯರಿಗೆ ಹೇಳದೆ ಬಿಡಬೇಡಿ.

ವಾರ ಕಳೆದ ಮೇಲೆ ನಡುಕ ನಿಲ್ಲುತ್ತದೆ, ಆಸೆ ನಿಲ್ಲುವುದಿಲ್ಲ. ಅದಕ್ಕೆ ಬೇರೆ ಮಾತ್ರೆಗಳಿವೆ, ತಿಂಗಳುಗಟ್ಟಲೆ ಬೇಕು. ಮತ್ತೆ ಕುಡಿದನೆಂದು ಬೈದು ಕಳಿಸಬೇಡಿ, ವಾಪಸ್ ಕರೆತನ್ನಿ. ಎಲ್ಲಿ ತೋರಿಸಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಲು ಮುರಿದು ಆಪರೇಷನ್ನಿಗೆ ಸೇರಿಸಿದಾಗಲೂ ಈ ಗಡಿಯಾರ ಓಡುತ್ತಿರುತ್ತದೆ. ಮರ್ಯಾದೆಗೆ ಅಂಜಿ 'ಯಾವಾಗಾದ್ರೂ ಒಂದು ಸಲ' ಎನ್ನುತ್ತೀರಿ, ಮೂರನೆಯ ದಿನ ಮೂಳೆ ವಾರ್ಡಿನಲ್ಲಿ ಅವನು ಡ್ರಿಪ್ ಕಿತ್ತೆಸೆಯುತ್ತಾನೆ. ಸೇರಿಸುವಾಗಲೇ ನರ್ಸಮ್ಮನಿಗೆ ಮೂರು ವಿಷಯ ಹೇಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ.